ನೀರು ಹರಿದತ್ತ ಹಕ್ಕಿ: ಹಲಸೂರಿನಿಂದ ಕೋಲಾರದವರೆಗೆ

ಚಳಿಗಾಲದ ವಾರಾಂತ್ಯದಲ್ಲಿ ಹಕ್ಕಿ ನೋಡಲೆಂದು ಬೆಂಗಳೂರಿನಿಂದ ಹೊರಡುವವರಲ್ಲಿ ಹೆಚ್ಚಿನವರು ಮೈಸೂರು ರಸ್ತೆಯನ್ನು ಹಿಡಿಯುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಮತ್ತು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಎರಡೂ ಆ ದಿಕ್ಕಿನಲ್ಲೇ ಇರುವುದರಿಂದ ಅದು ಸಹಜವೂ ಹೌದು. ಆದರೆ ಹಿಂದೆ ದಂಡು ಎಂದು ಕರೆಸಿಕೊಳ್ಳುತ್ತಿದ್ದ ಕಂಟೋನ್ಮೆಂಟಿನ ಶಿವಾಜಿನಗರ, ಹಲಸೂರುಗಳಿಂದ ಹೊರಟು, ಇಂದಿರಾನಗರ ಮತ್ತು ಕೃಷ್ಣರಾಜಪುರಗಳ ಅಂಚನ್ನು ಹಾದು, ಹೊಸಕೋಟೆ, ನರಸಾಪುರ, ಕೋಲಾರಗಳತ್ತ ಸಾಗುವ ಹಳೆ ಮದ್ರಾಸು ರಸ್ತೆಯೂ ಅಷ್ಟೇ ಯೋಗ್ಯವಾದ ಹಕ್ಕಿದಾರಿ. ಸುಮಾರು 65 ಕಿಲೋಮೀಟರಿನ ಈ ಹಾದಿಯಲ್ಲಿ ಹೆಸರಾಂತ ಪಕ್ಷಿಧಾಮವೊಂದೂ ಇಲ್ಲ, ಇರುವುದು ಕೆರೆಗಳು. ಆ ಕೆರೆಗಳು ಕಾಲುವೆ, ಕಣಿವೆ ಮತ್ತು ಇತ್ತೀಚೆಗೆ ಕೊಳವೆಗಳ ಮೂಲಕ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು, ಮತ್ತು ಅವುಗಳಲ್ಲಿ ನಿಂತಿರುವ ನೀರಿನಲ್ಲಿ ದೊಡ್ಡ ಪಾಲು ನಗರದ ಮನೆಗಳಿಂದಲೇ ಬಂದದ್ದು ಎಂಬುದು ಈ ದಾರಿಯನ್ನು ಉಳಿದ ದಾರಿಗಳಿಂದ ಬೇರೆಯಾಗಿಸುತ್ತದೆ. ಪೂರ್ವ ಬೆಂಗಳೂರಿನವರು ಇಲ್ಲಿ ಹಕ್ಕಿಯನ್ನು ಹುಡುಕಿಕೊಂಡು ಹೋಗುವುದೆಂದರೆ ತಾವು ಬಳಸಿ ಬಿಟ್ಟ ನೀರನ್ನು ಹಿಂಬಾಲಿಸಿಕೊಂಡು ಹೋಗುವುದೆಂದೇ ಅರ್ಥ.

ಚಳಿಗಾಲದ ಹಕ್ಕಿಗಳನ್ನು ಕುರಿತು ಮಾತನಾಡುವಾಗ ಮೂರು ಬಗೆಗಳನ್ನು ಬೇರ್ಪಡಿಸಿಕೊಳ್ಳಬೇಕಾಗುತ್ತದೆ. ವರ್ಷವಿಡೀ ಒಂದೇ ಸೀಮೆಯಲ್ಲಿದ್ದು ಅಲ್ಲಿಯೇ ಮರಿಮಾಡುವ ಹಕ್ಕಿಗಳು ನೆಲೆವಾಸಿಗಳು. ಗುಳುಮುಳುಕ, ನೇರಳೆ ಜಂಬುಕೋಳಿ, ಕೊಳದ ಬಕ ಇವು ಈ ಗುಂಪಿನವು. ನೀರು ಮತ್ತು ಮೀನಿನ ಲಭ್ಯತೆಯನ್ನು ಅನುಸರಿಸಿ ನಾಡಿನೊಳಗೇ ಜಾಗ ಬದಲಿಸುವಂಥವು ಸ್ಥಳೀಯ ವಲಸಿಗರು. ದೊಡ್ಡ ಗಂಟಲಚೀಲದ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ನಗರದ ಕೆರೆಗಳಲ್ಲಿ ಮೀನು ಹಿಡಿದರೂ ಗೂಡು ಕಟ್ಟುವುದು ಕೊಕ್ಕರೆ ಬೆಳ್ಳೂರಿನಂತಹ ಊರುಗಳ ಮರಗಳಲ್ಲಿ. ಮೂರನೆಯವು ದೂರ ವಲಸಿಗರು, ಅಂದರೆ ಹಿಮಾಲಯದಲ್ಲೋ ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲೋ ಆರ್ಕ್ಟಿಕ್ ವಲಯದ ಮರವಿಲ್ಲದ ಜೌಗುನೆಲದಲ್ಲೋ ಮರಿಮಾಡಿ, ಅಲ್ಲಿ ಹಿಮ ಬೀಳುವ ಮುನ್ನ ದಕ್ಷಿಣಕ್ಕೆ ಇಳಿದುಬರುವಂಥವು. ಆರ್ಕ್ಟಿಕ್ ಸಾಗರದಿಂದ ಹಿಂದೂ ಮಹಾಸಾಗರದವರೆಗೆ ಸುಮಾರು 30 ದೇಶಗಳ ಮೇಲೆ ಹಾದುಹೋಗುವ ಇವುಗಳ ಹಾರುದಾರಿಯನ್ನು ಮಧ್ಯ ಏಷ್ಯಾ ಹಾರುದಾರಿ ಎಂದು ಕರೆಯಲಾಗುತ್ತದೆ. ಇದನ್ನು ಬಳಸುವ 182 ಜಾತಿಯ ನೀರುಹಕ್ಕಿಗಳನ್ನು ಅಂತರರಾಷ್ಟ್ರೀಯ ಕ್ರಿಯಾಯೋಜನೆಯೊಂದು ಗುರುತಿಸಿದೆ. ಇವುಗಳನ್ನು ‘ವಿದೇಶಿ ಅತಿಥಿಗಳು’ ಎಂದು ಕರೆಯುವ ರೂಢಿ ಕನ್ನಡ ಪತ್ರಿಕೆಗಳಲ್ಲಿ ಬೇರೂರಿದೆ; ಆದರೆ ಸಿಪಿಲೆಯಂತಹ ಹಕ್ಕಿ ಸೆಪ್ಟೆಂಬರಿನಲ್ಲಿ ಬಂದು ಏಪ್ರಿಲಿನವರೆಗೂ ಇಲ್ಲಿಯೇ ಇರುವುದರಿಂದ, ಅಂದರೆ ವರ್ಷದ ಹೆಚ್ಚಿನ ತಿಂಗಳುಗಳನ್ನು ಇಲ್ಲಿಯೇ ಕಳೆಯುವುದರಿಂದ, ಅದು ಅತಿಥಿಯಲ್ಲ, ಎರಡು ಮನೆಗಳಿರುವ ನಿವಾಸಿ ಎಂದು ತಿಳಿಯುವುದೇ ಸರಿ.

ವಲಸೆಯ ಅಧ್ಯಯನಕ್ಕೂ ಕರ್ನಾಟಕಕ್ಕೂ ಹಳೆಯ ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಮನುಷ್ಯರಿಗೂ ಜ್ವರ ತಗುಲಿ, ಅದಕ್ಕೆ ಕಾರಣವಾದ ವೈರಾಣುವು ರಷ್ಯಾದ ಉಣ್ಣೆಜ್ವರದ ವೈರಾಣುವಿಗೆ ಹತ್ತಿರದ್ದೆಂದು ಕಂಡುಬಂದಾಗ, ಉತ್ತರದಿಂದ ಬರುವ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಈ ರೋಗವನ್ನು ತಂದಿರಬಹುದೆ ಎಂಬ ಪ್ರಶ್ನೆ ಎದ್ದಿತು. ಅದನ್ನು ಪರೀಕ್ಷಿಸುವ ಉದ್ದೇಶವೂ ಸೇರಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ 1959ರಿಂದ ಹಕ್ಕಿಗಳ ಕಾಲಿಗೆ ಸಂಖ್ಯೆಯಿರುವ ಲೋಹದ ಉಂಗುರ ತೊಡಿಸಿ ಬಿಡುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಹಕ್ಕಿಗಳ ಮೇಲಿನ ಆ ಶಂಕೆ ಸಾಬೀತಾಗಲಿಲ್ಲ. ಆದರೆ ಇಲ್ಲಿ ಉಂಗುರ ತೊಟ್ಟ ಹಕ್ಕಿ ಸಾವಿರಾರು ಕಿಲೋಮೀಟರ್ ಆಚೆ ಸಿಕ್ಕಾಗ ವಲಸೆಯ ನಕ್ಷೆ ಗೆರೆಗೆರೆಯಾಗಿ ಮೂಡತೊಡಗಿತು. ಇದೇ ಸಲೀಂ ಅಲಿಯವರು ಅದಕ್ಕೂ ಮೊದಲು, 1939-40ರಲ್ಲಿ, ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದರು. ಬೆಂಗಳೂರಿನಲ್ಲಿ 1970ರ ದಶಕದಿಂದ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ಬಿನ ಸದಸ್ಯರು ಲಾಲ್‌ಬಾಗಿನಲ್ಲಿ ತಿಂಗಳಿಗೊಂದು ಭಾನುವಾರ ಸೇರುತ್ತ ಬಂದರು. ಅವರ ಟಿಪ್ಪಣಿಗಳ ಫಲವಾಗಿ 1994ರಲ್ಲಿ ಜೋಸೆಫ್ ಜಾರ್ಜ್ ಅವರ ಸಂಪಾದಕತ್ವದಲ್ಲಿ ಬೆಂಗಳೂರಿನ ಹಕ್ಕಿಗಳ ವಿವರಣೆ ಸಹಿತ ಪಟ್ಟಿಯೊಂದು ಪ್ರಕಟವಾಯಿತು. ಕನ್ನಡದ ಓದುಗರಿಗೆ ಈ ವಿದ್ಯೆಯನ್ನು ಮನೆಮಾತಾಗಿಸಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’.

ಪೂರ್ವದ ದಾರಿಯನ್ನು ಅರಿಯಲು ನೆಲದ ಇಳಿಜಾರನ್ನು ಅರಿಯಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು ಒಂದು ದಿಬ್ಬದ ಬೆನ್ನಿನ ಮೇಲಿದೆ. ಆ ಬೆನ್ನಿನ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಸೇರಿದರೆ, ಪೂರ್ವಕ್ಕೆ ಬಿದ್ದದ್ದು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿನತ್ತ ಹರಿಯುವ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಪೂರ್ವದ ಇಳಿಜಾರಿನಲ್ಲಿ ಎರಡು ಮುಖ್ಯ ಕಣಿವೆಗಳಿವೆ. ಶಿವಾಜಿನಗರ, ಹಲಸೂರು, ಇಂದಿರಾನಗರಗಳ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯ ಮೂಲಕ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಇಳಿಯುತ್ತದೆ. ಹೆಬ್ಬಾಳ ಕಣಿವೆಯ ನೀರು ನಾಗವಾರ, ಕಲ್ಕೆರೆ, ರಾಂಪುರಗಳನ್ನು ದಾಟಿ ಕೃಷ್ಣರಾಜಪುರದ ಆಚೆಯ ಎಲೆಮಲ್ಲಪ್ಪ ಶೆಟ್ಟಿ ಕೆರೆಗೆ ಬಂದು, ಮುಂದೆ ಹೊಸಕೋಟೆಯ ಕಡೆಗೆ ಸಾಗುತ್ತದೆ. ಒಂದು ಕೆರೆ ತುಂಬಿ ಅದರ ಕೋಡಿ, ಎಂದರೆ ಹೆಚ್ಚುವರಿ ನೀರು ಹೊರಬೀಳುವ ತಗ್ಗು, ಹರಿದಾಗ ಆ ನೀರು ಕೆಳಗಿನ ಕೆರೆಯನ್ನು ತುಂಬುವ ಈ ಏರ್ಪಾಡಿಗೆ ಕೆರೆ ಸರಣಿ ಎಂದು ಹೆಸರು. ಮೇಲಿನ ಕೆರೆಯ ದೋಷವೂ ಕೆಳಗಿನ ಕೆರೆಗೆ ಇದೇ ಹಾದಿಯಲ್ಲಿ ದಾಟುತ್ತದೆ.

ಪ್ರವಾಸದ ಮೊದಲ ತಾಣ ಹಲಸೂರು ಕೆರೆಯೇ ಆಗಬೇಕು. ಇಮ್ಮಡಿ ಕೆಂಪೇಗೌಡರ ಕಾಲದ್ದೆಂದು ಹೇಳಲಾಗುವ, ಸುಮಾರು 50 ಹೆಕ್ಟೇರ್ ವಿಸ್ತಾರದ, ಒಂದು ಬದಿಗೆ ಮದ್ರಾಸ್ ಸ್ಯಾಪರ್ಸ್ ಸೈನಿಕರ ನೆಲೆಯಿರುವ ಈ ಕೆರೆಯನ್ನು ಹಕ್ಕಿ ನೋಡುವವರು ನಗರದ ಕೊಳಕು ನೀರೆಂದು ಬದಿಗೊತ್ತುವುದುಂಟು. 2016ರ ಮಾರ್ಚಿನಲ್ಲಿ ಇಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ನೆನೆದರೆ ಆ ಮಾತು ಸುಳ್ಳೆಂದು ಹೇಳುವಂತಿಲ್ಲ. ಚರಂಡಿಯ ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಬರಿದಾಗುವುದೇ ಇಂತಹ ಸಾವುಗಳ ಸಾಮಾನ್ಯ ಕಾರಣ. ಹಾಗಿದ್ದೂ ಕೆರೆಯ ನಡುವಿನ ಮರ ತುಂಬಿದ ನಡುಗಡ್ಡೆಗಳು, ನಾಯಿ ಮತ್ತು ಮನುಷ್ಯರಿಂದ ದೂರವಾಗಿರುವ ಕಾರಣಕ್ಕೆ, ನೀರುಕಾಗೆ, ಬೆಳ್ಳಕ್ಕಿ, ಇರುಳು ಬಕಗಳಿಗೆ ತಂಗುಮರಗಳಾಗಿವೆ. ಸಂಜೆ ಐದೂವರೆಯಿಂದ ಕತ್ತಲಾಗುವವರೆಗೆ ದಂಡೆಯಲ್ಲಿ ನಿಂತರೆ ಹಗಲು ಹಕ್ಕಿಗಳು ಸಾಲುಸಾಲಾಗಿ ಮರಳುವುದನ್ನೂ ಇರುಳು ಬಕಗಳು ಅದೇ ಹೊತ್ತಿಗೆ ಬೇಟೆಗೆ ಹೊರಡುವುದನ್ನೂ ಒಟ್ಟಿಗೇ ಕಾಣಬಹುದು. ಆದ್ದರಿಂದ ಶುಕ್ರವಾರ ಸಂಜೆಯನ್ನು ಹಲಸೂರಿಗೆ ಕೊಟ್ಟು ಶನಿವಾರ ಬೆಳಗಿನ ಜಾವ ಪೂರ್ವಕ್ಕೆ ಹೊರಡುವುದು ಒಳ್ಳೆಯ ಕ್ರಮ.

ಇಲ್ಲಿಯೇ ಒಂದು ಹೆಸರಿನ ವಿಚಾರವನ್ನೂ ಹೇಳಬಹುದು. ಶಿವಾಜಿನಗರಕ್ಕೆ ಬ್ರಿಟಿಷರ ಕಾಲದಲ್ಲಿ ಬ್ಲ್ಯಾಕ್‌ಪಲ್ಲಿ ಎಂಬ ಹೆಸರಿತ್ತು; ಅದು ‘ಬಿಳಿ ಅಕ್ಕಿ ಪಳ್ಳಿ’ ಎಂಬುದರ ಅಪಭ್ರಂಶ ಎಂಬ ವಿವರಣೆ ಬಳಕೆಯಲ್ಲಿದೆ. ಆ ‘ಅಕ್ಕಿ’ ಅನ್ನದ ಅಕ್ಕಿಯೋ ಅಥವಾ ಹಕಾರ ಬಿದ್ದುಹೋದ ಹಕ್ಕಿಯೋ ಎಂಬುದನ್ನು ಈಗ ನಿಶ್ಚಯಿಸಲಾಗದು. ಆದರೆ ಬೆಳ್ಳಕ್ಕಿ, ಹಾವಕ್ಕಿ, ಗೋವಕ್ಕಿ, ದೇವನಕ್ಕಿ ಎಂಬ ಸಮಾಸಗಳಲ್ಲೆಲ್ಲ ಹಕ್ಕಿಯ ಹಕಾರ ಕನ್ನಡದಲ್ಲಿ ಸಹಜವಾಗಿಯೇ ಜಾರಿರುವುದರಿಂದ ಎರಡನೆಯ ಅರ್ಥವೂ ಭಾಷೆಗೆ ಒಪ್ಪುವಂಥದ್ದೇ. ಕೆರೆ, ಗದ್ದೆಗಳಿದ್ದ ಸೀಮೆಯಲ್ಲಿ ಬಿಳಿಯ ಅಕ್ಕಿಯಿದ್ದ ಕಡೆ ಬಿಳಿಯ ಹಕ್ಕಿಯೂ ಇದ್ದೇ ಇರುತ್ತಿತ್ತು.

ಇಂದಿರಾನಗರವನ್ನು ಹಾದುಹೋಗುವಾಗ ಇಳಿದು ನೋಡುವಷ್ಟು ಹೆಚ್ಚೇನೂ ಇಲ್ಲ. ಆದರೂ ರಸ್ತೆಬದಿಯ ಹಳೆಯ ಮರಗಳ ಮೇಲ್ಗೊಂಬೆಗಳಲ್ಲಿ, ಹಸಿರು ಬೂದು ಮಿಶ್ರಿತವಾದ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಎಲೆ ಉಲಿಹಕ್ಕಿಯೊಂದು ಎರಡು ಅಕ್ಷರದ ಕೂಗನ್ನು ಮತ್ತೆಮತ್ತೆ ಕೂಗುತ್ತಿರುತ್ತದೆ. ಹಿಮಾಲಯದಾಚೆಯಿಂದ ಬರುವ ಈ ಪುಟ್ಟ ಹಕ್ಕಿಯನ್ನು ಕಾಣುವುದಕ್ಕಿಂತ ಕೇಳುವುದು ಸುಲಭ, ಮತ್ತು ಅದಿರುವ ಮರವನ್ನು ಕಡಿದರೆ ಅದರ ಚಳಿಗಾಲದ ಮನೆಯೇ ಹೋಗುತ್ತದೆ. ಕೃಷ್ಣರಾಜಪುರದ ತೂಗುಸೇತುವೆಯನ್ನು ಬೆಳಗಿನ ಆರು ಗಂಟೆಯೊಳಗೆ ದಾಟಿಬಿಡಬೇಕು. ತಡವಾದರೆ ವಾಹನ ದಟ್ಟಣೆಯಲ್ಲಿ ಹಕ್ಕಿಗಳ ಹೊತ್ತು ಕಳೆದುಹೋಗುತ್ತದೆ.

ಸೇತುವೆ ದಾಟಿದ ಮೇಲೆ ಹೆದ್ದಾರಿಗೆ ಅಂಟಿಕೊಂಡಂತೆ ಎಲೆಮಲ್ಲಪ್ಪ ಶೆಟ್ಟಿ ಕೆರೆ ಸಿಗುತ್ತದೆ. ವೀಳ್ಯದೆಲೆಯ ವ್ಯಾಪಾರದಲ್ಲಿ ಗಳಿಸಿದ ಹಣದಿಂದ ಜನರಿಗಾಗಿ ಕೆರೆ ಕಟ್ಟಿಸಿದ ವರ್ತಕನ ಹೆಸರನ್ನು ಅದು ಹೊತ್ತಿದೆ. ದೊರೆಗಳಷ್ಟೇ ಅಲ್ಲದೆ ವ್ಯಾಪಾರಿಗಳೂ ಕೆರೆ ಕಟ್ಟಿಸುವುದನ್ನು ಪುಣ್ಯಕಾರ್ಯವೆಂದು ಬಗೆದಿದ್ದ ನಾಡಿನ ಗುರುತು ಅದು. ಇಂದು ಅದರ ಬಹುಭಾಗವನ್ನು ಜೊಂಡು ಮತ್ತು ತೇಲುಕಳೆ ಆವರಿಸಿದ್ದು, ಚರಂಡಿ ನೀರು ಸೇರುತ್ತಿರುವುದು ಮೂಗಿಗೇ ತಿಳಿಯುತ್ತದೆ. ಇಂತಹ ಕೆರೆಯಲ್ಲೂ ಹಕ್ಕಿಗಳು ಹೇರಳವಾಗಿರುವುದು ಹೊಸಬರಿಗೆ ಒಗಟಾಗಿ ತೋರುತ್ತದೆ. ಚರಂಡಿಯ ಪೋಷಕಾಂಶದಿಂದ ಪಾಚಿ ಬೆಳೆದು, ಪಾಚಿಯನ್ನು ತಿಂದು ಹುಳುಹುಪ್ಪಟೆ ಹೆಚ್ಚಿ, ಕೊಳಕನ್ನು ತಡೆದುಕೊಳ್ಳಬಲ್ಲ ಮೀನುಗಳೂ ಹೆಚ್ಚಿದಾಗ, ಅವನ್ನು ತಿನ್ನುವ ಹಕ್ಕಿಗಳು ನೆರೆಯುತ್ತವೆ. ಜೊಂಡು ಜಂಬುಕೋಳಿಗೆ ಮರೆಯಾಗುತ್ತದೆ, ತೇಲುವ ಎಲೆ ಉದ್ದ ಬೆರಳಿನ ದೇವನಕ್ಕಿಗೆ ನೆಲವಾಗುತ್ತದೆ. ಆದುದರಿಂದ ಹಕ್ಕಿಗಳ ದಟ್ಟಣೆಯೊಂದನ್ನೇ ನೋಡಿ ಕೆರೆ ಆರೋಗ್ಯವಾಗಿದೆಯೆಂದು ತೀರ್ಮಾನಿಸಬಾರದು. ಯಾವ ಬಗೆಯ ಹಕ್ಕಿಗಳು ಉಳಿದಿವೆ, ಯಾವುವು ಇಲ್ಲವಾಗಿವೆ ಎಂಬುದನ್ನು ನೋಡಬೇಕು.

ಹೊಸಕೋಟೆಯ ದೊಡ್ಡ ಅಮಾನಿಕೆರೆ ಈ ದಾರಿಯ ಮುಖ್ಯ ತಾಣ. ಬೆಳಗಿನ ಮೂರು ಗಂಟೆಗಳಷ್ಟಾದರೂ ಇಲ್ಲಿಗೆ ಸಲ್ಲಬೇಕು. ಅಮಾನಿ ಎಂದರೆ ಗುತ್ತಿಗೆದಾರರಿಗೆ ಕೊಡದೆ ಸರ್ಕಾರವೇ ನೇರವಾಗಿ ಕಂದಾಯ ವಸೂಲಿ ಮಾಡುತ್ತಿದ್ದ ಆಸ್ತಿ. ಸುಗಟೂರಿನ ಪಾಳೆಯಗಾರ ತಮ್ಮೇಗೌಡ 1595ರ ಸುಮಾರಿಗೆ ಹೊಸಕೋಟೆಯನ್ನು ಕಟ್ಟಿಸಿದನೆಂದೂ, ಅಲ್ಲಿಯ ಕೆರೆಯ ಏರಿ ಎರಡು ಮೈಲಿ ಉದ್ದವಿದ್ದು ತುಂಬಿದಾಗ ನೀರಿನ ಸುತ್ತಳತೆ ಹತ್ತು ಮೈಲಿಗೆ ಕಡಿಮೆಯಿಲ್ಲವೆಂದೂ ಬ್ರಿಟಿಷರ ಕಾಲದ ಗೆಜೆಟಿಯರುಗಳು ಬರೆದಿವೆ. ಇಂತಹ ಹಳೆಯ ಕೆರೆಯ ರಚನೆಯಲ್ಲಿಯೇ ಹಕ್ಕಿಗಳ ವೈವಿಧ್ಯದ ಕಾರಣವಿದೆ. ಏರಿಯ ಬುಡದಲ್ಲಿ ನೀರು ಆಳವಾಗಿದ್ದು, ಅಲ್ಲಿಂದ ಹಿನ್ನೀರಿನ ಕಡೆಗೆ ತಳ ನಿಧಾನವಾಗಿ ಏರುತ್ತ, ಕೊನೆಗೆ ನೀರು ಎಲ್ಲಿ ಮುಗಿಯಿತು, ಕೆರೆಯಂಗಳದ ಹುಲ್ಲು ಎಲ್ಲಿ ತೊಡಗಿತು ಎಂದು ಹೇಳಲಾಗದಂತೆ ತೆಳುವಾಗುತ್ತದೆ. ಆಳದಲ್ಲಿ ಮುಳುಗಿ ಮೀನು ಹಿಡಿಯುವ ಹಾವಕ್ಕಿ, ನೀರುಕಾಗೆಗಳಿದ್ದರೆ, ಮೊಣಕಾಲುದ್ದದ ನೀರಿನಲ್ಲಿ ತಲೆ ಅದ್ದಿ ಬಾಲವನ್ನು ಮೇಲೆತ್ತಿ ಮೇಯುವ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ಅಗಲ ಕೊಕ್ಕಿನಿಂದ ನೀರನ್ನು ಸೋಸುವ ಸಲಿಕೆಕೊಕ್ಕಿನ ಬಾತುಗಳು ಇರುತ್ತವೆ. ಅದಕ್ಕೂ ಕಡಿಮೆ ಆಳದಲ್ಲಿ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ. ಬರೀ ಕೆಸರಿನಲ್ಲಿ ಗೊರವಗಳು. ಗೊರವ ಎಂಬುದು ಕೆಸರಿನೊಳಗಿನ ಹುಳುವನ್ನು ಕೊಕ್ಕಿನಿಂದ ತಡಕಿ ತೆಗೆಯುವ ದಂಡೆಹಕ್ಕಿಗಳ ಒಂದು ದೊಡ್ಡ ಬಳಗದ ಹೆಸರು. ಅದರಲ್ಲಿ ಅತಿ ಚಿಕ್ಕದಾದ ಕಿರುಗೊರವ ಗುಬ್ಬಚ್ಚಿಗಿಂತ ಹೆಚ್ಚೇನೂ ತೂಗದಿದ್ದರೂ ಆರ್ಕ್ಟಿಕ್ ವಲಯದಿಂದ ಬಂದಿರುತ್ತದೆ. ಹುಲ್ಲಂಗಳದ ಮೇಲೆ ಸಿಪಿಲೆಗಳು, ಅವುಗಳಿಗೂ ಮೇಲೆ ಗಾಳಿಯಲ್ಲಿ ಕವಲುಬಾಲದ ಅಂಬರಗುಬ್ಬಿಗಳು, ಇವೆಲ್ಲವನ್ನೂ ಒಮ್ಮೆಲೇ ಎಬ್ಬಿಸುತ್ತ ಜೊಂಡಿನ ಮೇಲೆ ತೇಲಿಬರುವ ಜೌಗು ಸೆಳೆವ ಎಂಬ ಬೇಟೆಹಕ್ಕಿ. ಅಕ್ಟೋಬರ್, ನವೆಂಬರಿನ ಹಿಂಗಾರು ಮಳೆಗೆ ತುಂಬಿದ ಕೆರೆ ಜನವರಿ, ಫೆಬ್ರವರಿಯಲ್ಲಿ ಇಳಿಯತೊಡಗಿದಂತೆ ದಿನಕ್ಕೊಂದಿಷ್ಟು ಹೊಸ ಕೆಸರು ತೆರೆದುಕೊಳ್ಳುವುದರಿಂದ, ತುಂಬಿದ ಕೆರೆಗಿಂತ ಇಳಿಯುತ್ತಿರುವ ಕೆರೆಯೇ ಗೊರವಗಳಿಗೆ ಹೆಚ್ಚು ಉಪಯುಕ್ತ.

ನಗರದೊಳಗಿನ ಕೆರೆಗಳಿಗೆ ಆಗಿರುವ ದೊಡ್ಡ ಅನ್ಯಾಯ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಪುನಶ್ಚೇತನದ ಹೆಸರಿನಲ್ಲಿ ಕೆರೆಯ ಹೂಳನ್ನು ಏಕಪ್ರಕಾರವಾಗಿ ತೆಗೆದು, ಸುತ್ತಲೂ ಕಡಿದಾದ ಏರಿ ಎತ್ತಿ, ಅದರ ಮೇಲೆ ನಡಿಗೆಪಥ ಹಾಕಿ, ದೀಪ ನೆಟ್ಟಾಗ ಕೆರೆಯು ಬಟ್ಟಲಿನ ಆಕಾರ ಪಡೆಯುತ್ತದೆ; ನೀರಿನ ಪ್ರಮಾಣ ಹೆಚ್ಚಬಹುದು, ಆದರೆ ತೆಳುನೀರಿನ ಅಂಚು ಮಾಯವಾಗುತ್ತದೆ, ಅಂಚಿನೊಂದಿಗೆ ಬಾತು, ಗೊರವಗಳೂ ಮಾಯವಾಗುತ್ತವೆ. ನಡೆಯುವವರಿಗೆ ಪಥ ಬೇಡವೆಂದು ಯಾರೂ ಹೇಳುವುದಿಲ್ಲ. ಒಂದು ಬದಿಯನ್ನಾದರೂ ಇಳಿಜಾರಾಗಿ, ಕೆಸರಾಗಿ, ಕತ್ತಲಾಗಿ ಬಿಡಬೇಕೆಂಬುದಷ್ಟೇ ಕೇಳಿಕೆ, ಮತ್ತು ಅದು ಹಣ ಬೇಡದ ಕೇಳಿಕೆ.

ಹೊಸಕೋಟೆಯಿಂದ ಮುಂದೆ ಹೆದ್ದಾರಿ ದಿಬ್ಬ ಏರಿ ಕೋಲಾರದ ಸೀಮೆಯನ್ನು ಹೊಗುತ್ತದೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ, ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗೆ ಇಳಿದಿದ್ದ ಈ ಜಿಲ್ಲೆಯಲ್ಲಿ ಕೆರೆಗಳು ಬಹಳ ವರ್ಷ ಒಣಗಿ ಜಾಲಿಮುಳ್ಳಿನ ಬಯಲುಗಳಾಗಿದ್ದವು. 2018ರ ಜೂನ್ ತಿಂಗಳಲ್ಲಿ, ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೊಳವೆಗಳ ಮೂಲಕ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಾಗ ಆ ಚಿತ್ರ ಬದಲಾಗತೊಡಗಿತು. ಜನರ ಬಾಯಲ್ಲಿ ಕೆ.ಸಿ. ವ್ಯಾಲಿ ಎಂದಾಗಿರುವ ಈ ಯೋಜನೆಯ ಉದ್ದೇಶ 440 ಎಂಎಲ್‌ಡಿ, ಅಂದರೆ ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಮೇಲೆತ್ತಿ 126 ಕೆರೆಗಳನ್ನು ತುಂಬಿಸಿ ಅಂತರ್ಜಲವನ್ನು ಮರುಪೂರಣ ಮಾಡುವುದು. ಇಳಿಜಾರಿನಲ್ಲಿ ಪಿನಾಕಿನಿಯತ್ತ ಇಳಿದುಹೋಗಬೇಕಿದ್ದ ಶಿವಾಜಿನಗರ, ಹಲಸೂರು, ಇಂದಿರಾನಗರಗಳ ಬಚ್ಚಲ ನೀರು ಹೀಗೆ ಹಳೆ ಮದ್ರಾಸು ರಸ್ತೆಯ ದಿಕ್ಕನ್ನೇ ಹಿಡಿದು ಕೋಲಾರಕ್ಕೆ ಹೋಗುತ್ತಿದೆ. ನರಸಾಪುರದಂತಹ ಕೆರೆಗಳಲ್ಲಿ ನೀರು ನಿಂತ ಮೇಲೆ ನಾಮದ ಕೋಳಿ, ನೀರುಕಾಗೆ, ಹೆಜ್ಜಾರ್ಲೆಗಳಿಗೆ ಹೊಸ ನೆಲೆ ದೊರೆತಿದೆ. ಸುತ್ತಲಿನ ರಾಗಿ, ಜೋಳದ ಹೊಲಗಳ ಮೇಲೆ ಮಧ್ಯ ಏಷ್ಯಾದಿಂದ ಬಂದ ಗುಲಾಬಿ ಕಬ್ಬಕ್ಕಿಗಳು ಹಿಂಡುಗಟ್ಟಿ ಹಾರುತ್ತವೆ. ತಂತಿಯ ಮೇಲೆ ರಾಜ್ಯಪಕ್ಷಿ ನೀಲಕಂಠ ಕೂತಿರುತ್ತದೆ.

ಈ ಬದಲಾವಣೆಯನ್ನು ಬರಿಯ ಸಂತೋಷದಿಂದ ನೋಡುವುದು ಸಾಧ್ಯವಿಲ್ಲ, ಬರಿಯ ಅನುಮಾನದಿಂದ ನೋಡುವುದೂ ನ್ಯಾಯವಲ್ಲ. ನೀರು ಬಂದ ಮೊದಲ ತಿಂಗಳುಗಳಲ್ಲೇ ನೊರೆ ಕಾಣಿಸಿಕೊಂಡು ವಿಷಯ ಉಚ್ಚ ನ್ಯಾಯಾಲಯಕ್ಕೆ ಹೋಗಿತ್ತು. ಹರಿಸುತ್ತಿರುವುದು ಎರಡನೆಯ ಹಂತದವರೆಗೆ, ಅಂದರೆ ಗಸಿಯನ್ನೂ ಕೊಳೆಯುವ ವಸ್ತುವನ್ನೂ ತೆಗೆಯುವವರೆಗೆ ಸಂಸ್ಕರಿಸಿದ ನೀರು. ಸಾರಜನಕ, ರಂಜಕ ಮತ್ತು ಉಳಿದ ಸೂಕ್ಷ್ಮ ಕಲ್ಮಶಗಳನ್ನು ತೆಗೆಯುವ ಮೂರನೆಯ ಹಂತವೂ ಬೇಕೆಂದು ಕೋಲಾರದ ರೈತ ಹೋರಾಟಗಾರರು ಒತ್ತಾಯಿಸುತ್ತ ಬಂದಿದ್ದಾರೆ. ಹಕ್ಕಿಗಳ ದೃಷ್ಟಿಯಿಂದಲೂ ಆ ಒತ್ತಾಯ ಸರಿಯಾದದ್ದೇ, ಏಕೆಂದರೆ ಎಲೆಮಲ್ಲಪ್ಪ ಶೆಟ್ಟಿ ಕೆರೆಯಲ್ಲಿ ಪಾಚಿಯನ್ನೂ ತೇಲುಕಳೆಯನ್ನೂ ಬೆಳೆಸಿದ ಪೋಷಕಾಂಶ ಕೋಲಾರದ ಕೆರೆಗಳಲ್ಲೂ ಅದನ್ನೇ ಮಾಡಬಲ್ಲುದು. ಜೊತೆಗೆ, ವರ್ಷವಿಡೀ ಒಂದೇ ಮಟ್ಟದಲ್ಲಿ ತುಂಬಿರುವ ಕೆರೆ ಮೀನು ತಿನ್ನುವ ಹಕ್ಕಿಗಳಿಗೆ ಒಳ್ಳೆಯದಾದರೂ, ಇಳಿಯುವ ನೀರನ್ನೂ ತೆರೆದ ಕೆಸರನ್ನೂ ನಂಬಿದ ಗೊರವಗಳಿಗೆ ಅದರಿಂದ ಪ್ರಯೋಜನ ಕಡಿಮೆ.

ಪ್ರವಾಸಕ್ಕೆ ಬೇಕಾದ ಸಲಕರಣೆ ಅಲ್ಪ. ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಅಗಲದ ಮುಂಗಾಜಿರುವ ದುರ್ಬೀನು, ಅಂದರೆ ಅಂಗಡಿಗಳಲ್ಲಿ ‘8x42’ ಎಂದು ಬರೆದಿರುವಂಥದ್ದು, ಕೈನಡುಕವನ್ನು ಹೆಚ್ಚಿಸದೆ ಮಬ್ಬು ಬೆಳಕಿನಲ್ಲೂ ಸಾಕಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಜನವರಿಯಲ್ಲಿ ಸೂರ್ಯೋದಯ ಆರೂಮುಕ್ಕಾಲರ ಸುಮಾರಿಗೆ ಆಗುವುದರಿಂದ ಅಷ್ಟರೊಳಗೆ ಕೆರೆಯನ್ನು ಸೇರಿ, ಬೆಳಗಿನಲ್ಲಿ ಪೂರ್ವದ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಬೇಕು; ಇಲ್ಲವಾದರೆ ಎದುರುಬಿಸಿಲಿನಲ್ಲಿ ಎಲ್ಲ ಬಾತುಗಳೂ ಕಪ್ಪಾಗಿಯೇ ಕಾಣುತ್ತವೆ. ಛಾಯಾಚಿತ್ರಕ್ಕಾಗಿ ಕೆರೆಯಂಗಳದೊಳಕ್ಕೆ ವಾಹನ ಓಡಿಸುವ, ಹಾರುವ ಭಂಗಿ ಬೇಕೆಂದು ಹಿಂಡನ್ನು ಎಬ್ಬಿಸುವ ಅಭ್ಯಾಸವನ್ನು ಕಂಡಲ್ಲೇ ತಡೆಯಬೇಕು. ಏಪ್ರಿಲಿನ ಮರುಪ್ರಯಾಣಕ್ಕಾಗಿ ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುತ್ತಿರುವ ಹಕ್ಕಿಗೆ ಪ್ರತಿಯೊಂದು ಅನಗತ್ಯ ಹಾರಾಟವೂ ನಷ್ಟ.

2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿ, ಬೇಟೆಹಕ್ಕಿಗಳು, ವಲಸೆ ಬರುವ ದಂಡೆಹಕ್ಕಿಗಳು ಮತ್ತು ಬಾತುಗಳು ಹೆಚ್ಚು ಕುಸಿದ ಗುಂಪುಗಳಲ್ಲಿ ಸೇರಿವೆಯೆಂದು ಹೇಳಿದೆ. ಅಂದರೆ ಹೊಸಕೋಟೆಯ ತೆಳುನೀರಿನಲ್ಲಿ ನಿಲ್ಲುವ ಹಕ್ಕಿಗಳೇ ಅವು. ಆ ವರದಿಗೆ ಆಧಾರವಾದದ್ದು ಬಹುಮಟ್ಟಿಗೆ ಸಾಮಾನ್ಯ ವೀಕ್ಷಕರು ಇ-ಬರ್ಡ್ ಜಾಲದಲ್ಲಿ ದಾಖಲಿಸಿದ ಪಟ್ಟಿಗಳು. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾ ನೀರುಹಕ್ಕಿ ಗಣತಿಯೂ ಇಂತಹ ಸ್ವಯಂಸೇವಕರ ಎಣಿಕೆಯ ಮೇಲೆಯೇ ನಿಂತಿದೆ. ಈ ಚಳಿಗಾಲ ಪೂರ್ವದ ದಾರಿ ಹಿಡಿಯುವವರು ಅಪರೂಪದ ಹಕ್ಕಿಯನ್ನಷ್ಟೇ ಅಲ್ಲದೆ ಕಂಡ ಪ್ರತಿಯೊಂದು ನಾಮದ ಕೋಳಿಯನ್ನೂ, ಗಂಟೆ ಕಾದರೂ ಒಂದೇ ಒಂದು ಬಾತು ಕಾಣದ ಕೆರೆಯನ್ನೂ ಬರೆದಿಡಬೇಕು, ಮತ್ತು ಆ ಪಟ್ಟಿಯ ಮೊದಲ ಸಾಲನ್ನು ಹಲಸೂರು ಕೆರೆಯ ದಂಡೆಯಲ್ಲಿ ಬರೆಯಬೇಕು.